ಹೆಚ್ಚಾದ ಒಂದು ನಗು

ಆಗಸ್ಟ್ ೨೬, ೧೯೮೫

ಸೋಡಿಯಂ ಮತ್ತು ಕ್ಲೋರಿನ್ನಿನ ಕಥೆಯನ್ನು ನನಗೆ ಮೊದಲು ಹೇಳಿದವರು ನನ್ನ ತವರೂರು ಖಜೂರಿಯ ಬುರಾನುದ್ದೀನ ಮಾಸ್ತರರು, ಹೋದ ಚಳಿಗಾಲದಲ್ಲಿ, ಊಟದ ಬಿಡುವು ಮುಗಿದ ಮೇಲಿನ ಪಿರಿಯಡ್ಡಿನಲ್ಲಿ. ಚೆನ್ನಾಗಿಯೇ ಹೇಳಿದರೆಂದು ಗೆಳತಿಯರು ಆಮೇಲೆ ಅಂದರು. ನಾನು ಕಿಟಕಿಯ ಪಕ್ಕ ಕೂತು, ಮಹಾರಾಷ್ಟ್ರದ ಕಡೆ ಹೋಗುವ ಲಾರಿಗಳ ಬೆನ್ನ ಮೇಲಿನ ಮರಾಠಿ ಓದುತ್ತಿದ್ದೆ. ಲಾರಿಗಳು ದಾಟಿ ಹೋದವು, ಸೋಡಿಯಮ್ಮೂ ದಾಟಿ ಹೋಯಿತು. ಮಾರ್ಚಿನ ಎಸ್ಸೆಸ್ಸೆಲ್ಸಿಯಲ್ಲಿ ಉಳಿದೆಲ್ಲ ಪಾಸಾಗಿ ವಿಜ್ಞಾನ ಒಂದು ಕೈಕೊಟ್ಟಿತು.

ಮೇ ತಿಂಗಳಲ್ಲಿ ಮದುವೆಯಾಗಿ ಕರಜಗಿಗೆ ಬಂದೆ. ಮಾತುಕತೆಯ ದಿನವೇ ಅಪ್ಪ, ಹುಡುಗಿ ಇನ್ನೊಂದು ಸಲ ಪರೀಕ್ಷೆ ಬರೆಯಬೇಕು, ಪಾಸಾದರೆ ಮಾಸ್ತರಿಕೆಯ ಟ್ರೇನಿಂಗಿಗೆ ಹೋಗಬೇಕು ಎಂದು ಕೇಳಿಕೊಂಡಿದ್ದರು. ಅತ್ತೆ ಗುರುಶಾಂತಮ್ಮ ಒಂದು ಬೆರಳು ಎತ್ತಿ ಹೇಳಿದರು: "ಬರೀಲಿ ತಗೋರಿ. ಆದ್ರ ಒಮ್ಮೆ. ಪಾಸಾದ್ರ ಟ್ರೇನಿಂಗಿಗಿ ಹೋಗ್ಲಿ, ನಾ ಅಡ್ಡ ಬರೂದಿಲ್ಲ. ನಪಾಸಾದ್ರ ಪುಸ್ತಕ ಒಲಿಗಿ."

ಅಂದಿನಿಂದ ನನ್ನ ವಿಜ್ಞಾನದ ಪುಸ್ತಕಕ್ಕೆ ಇವರ ಮನೆಯಲ್ಲಿ ಅತ್ತೆ ಕೊಟ್ಟಿರುವ ಜಾಗ ಒಲೆಯ ಪಕ್ಕದ ಗೂಡು, ಉರಿಸಲು ಒಟ್ಟಿದ ಕುಳ್ಳಿನ ಮೇಲೆ. ಎಲ್ಲಿಗೆ ಹೋಗಬೇಕಾದೀತು ಎಂದು ಅದಕ್ಕೂ ಗೊತ್ತಿರಲಿ ಅಂತ. ಅಕ್ಟೋಬರ್ ನಾಲ್ಕಕ್ಕೆ ಅಫಜಲಪುರದಲ್ಲಿ ಪರೀಕ್ಷೆ.

ಆಗಸ್ಟ್ ೩೦

ಓದಲು ಕೂತರೆ ಭಾಗಮ್ಮ ಬರುತ್ತಾಳೆ. ಭಾಗಮ್ಮ ಇವರ ಅಕ್ಕ. (ಇವರ ಹೆಸರು ಬರೆಯಲು ಕೈ ಬರುವುದಿಲ್ಲ, ನಾನೊಬ್ಬಳೇ ಓದುವ ದಿನಚರಿಯಲ್ಲಿ ಕೂಡ.) ಅವಳನ್ನು ಕೊಟ್ಟದ್ದು ಅಂದೋಲಾಕ್ಕೆ. ಎಲ್ಲ ಹೆಣ್ಣುಮಕ್ಕಳಂತೆ ಪಂಚಮಿಗೆ ತವರಿಗೆ ಬಂದಳು. ಎಲ್ಲರೂ ಜೋಕಾಲಿ ಆಡಿ, ಉಂಡಿ ತಿಂದು, ಬುತ್ತಿ ಕಟ್ಟಿಸಿಕೊಂಡು ಹೊರಟುಹೋದರು. ಇವಳು ಹೋಗಿಲ್ಲ. ಗಂಡನ ಮನೆಯವರು ಕರೆಯಲು ಬರಬೇಕು, ಆಮೇಲೆ ಹೋಗಬೇಕು. ಅವರು ಬರುತ್ತಿಲ್ಲ.

ಕಾರಣ ಉಪ್ಪು. ಪಂಚಮಿಗೆ ಮೊದಲು ಜೇವರ್ಗಿಯಿಂದ ಬೀಗರು ಬಂದಿದ್ದಾಗ, ಅವಳ ಗಂಡ ಅಂಬಾರಾಯ ಎಲ್ಲರೆದುರು ಪುಂಡಿಪಲ್ಯದಲ್ಲಿ ಉಪ್ಪೇ ಇಲ್ಲ ಎಂದನಂತೆ. ಭಾಗಮ್ಮ ಉಪ್ಪಿನ ಗಡಿಗೆಯನ್ನು ಹಾಗೇ ಎತ್ತಿ ತಂದು ಅವನ ತಾಟಿನ ನಡುವೆ ಇಟ್ಟು, "ಎಷ್ಟು ಬೇಕೋ ಅಷ್ಟು ಹಾಕ್ಕೊಳ್ರಿ" ಅಂದಳಂತೆ. ಇದನ್ನು ಅವಳೇ ಹೇಳುತ್ತಾಳೆ, ಹೇಳುವಾಗಲೆಲ್ಲ ಗಡಿಗೆ ಇನ್ನಷ್ಟು ದೊಡ್ಡದಾಗುತ್ತದೆ.

ಈಗ ಅವಳ ಸಿಟ್ಟೆಲ್ಲ ನನ್ನ ರೊಟ್ಟಿಯ ಅಂಚಿನ ಮೇಲೆ. "ದಂಡಿ ನೋಡು, ಇಲಿ ತಿಂದಂಗ ಆಗ್ಯಾವ. ಖಜೂರ್ಯಾಗ ಹಿಂಗೇ ಬಡೀತಾರೇನು?" ಕಟ್ಟೆಯ ಮೇಲೆ ಒಬ್ಬಳೇ ಕೂತು, ಹೋಗಿಬರುವ ನಾಯಿಗೂ ಏನಾದರೂ ಒಂದು ಅನ್ನುತ್ತಾಳೆ. ಇವರ ಮನೆಗೆ ಅದೇನು ಗ್ರಹಚಾರವೋ.

ಸೆಪ್ಟೆಂಬರ್ ೪

ತಲೆಗೆ ಹತ್ತುತ್ತಿಲ್ಲ. ಪುಸ್ತಕದಲ್ಲಿ ಹೀಗಿದೆ: ಸೋಡಿಯಂ ಪರಮಾಣು ಒಂದು ಎಲೆಕ್ಟ್ರಾನನ್ನು ಕಳೆದುಕೊಂಡು ಪ್ಲಸ್ ಆಗುತ್ತದೆ. ಆಗ ಅದಕ್ಕೆ ಅಯಾನು ಎಂದು ಹೆಸರು.

ಕಳೆದುಕೊಂಡರೆ ಮೈನಸ್ ಆಗಬೇಕಲ್ಲವೇ? ನನ್ನ ಕಿವಿಯ ಬುಗಡಿ ಕಳೆದರೆ ನಾನು ಪ್ಲಸ್ ಆಗುತ್ತೇನೆಯೇ? ಮಾರ್ಚಿನಲ್ಲಿಯೂ ಮೈನಸ್ ಎಂದೇ ಬರೆದಿದ್ದೆ. ಈಗಲೂ ಅದೇ ಸರಿ ಅನ್ನಿಸುತ್ತದೆ. ಗೂಡಿನಲ್ಲಿರುವ ಪುಸ್ತಕಕ್ಕೆ ಹೊಗೆಯ ವಾಸನೆ ಬಂದಿದೆ.

ಸೆಪ್ಟೆಂಬರ್ ೯

ಸಿಕ್ಕಿತು.

ಇಂದು ಭಾಗಮ್ಮ ಬೆಳಿಗ್ಗೆಯೇ ಪಕ್ಕದ ಮನೆಯ ಹುಸೇನಬೀ ಹತ್ತಿರ ಕೌದಿ ಹೊಲಿಯಲು ಹೋದಳು. ಮನೆಯಲ್ಲಿ ಉಳಿದವರು ಅತ್ತೆ, ಇವರು, ನಾನು. ಸ್ವಲ್ಪ ಹೊತ್ತಿಗೆ ಅತ್ತೆ ಮಜ್ಜಿಗೆ ಕಡೆಯುತ್ತ ಏನೋ ಗುನುಗಿದರು. ಇವರು ಹೊಸ್ತಿಲಿಗೆ ಎಡವಿ ತಂಬಿಗೆಯ ನೀರೆಲ್ಲ ತಮ್ಮ ಧೋತರದ ಮೇಲೇ ಚೆಲ್ಲಿಕೊಂಡರು. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಅತ್ತೆಯೇ ಮೊದಲು ನಕ್ಕರು. ಬಂದ ಮೇಲೆ ಮೊದಲ ಸಲ ನಾನು ಅವರ ಹಲ್ಲು ನೋಡಿದ್ದು.

ಆಗ ತೋರಿತು. ಮನೆಯಿಂದ ಒಬ್ಬರು ಹೋಗಿದ್ದಾರೆ, ಮನೆ ಪ್ಲಸ್ ಆಗಿದೆ. ಹೋದದ್ದು ಬುಗಡಿಯಲ್ಲ. ಹೋದದ್ದೇ ಸಿಡುಕು.

ಪರಮಾಣು ಅಂದರೆ ಒಂದು ಮನೆ. ಸೋಡಿಯಂ ಮನೆಯ ನಡುಮನೆಯಲ್ಲಿ ಹನ್ನೊಂದು ಜನ ನಗುವವರು. ಅವರೇ ಪ್ರೋಟಾನುಗಳು, ಜಾಗ ಬಿಟ್ಟು ಏಳುವವರಲ್ಲ. ಸುತ್ತ ಹನ್ನೊಂದು ಜನ ಸಿಡುಕಿನವರು, ಎಲೆಕ್ಟ್ರಾನುಗಳು: ಒಳಗಿನ ಸುತ್ತಿನಲ್ಲಿ ಇಬ್ಬರು, ಅದರಾಚೆ ಎಂಟು, ಎಲ್ಲಕ್ಕಿಂತ ಹೊರಗಿನ ಕಟ್ಟೆಯ ಮೇಲೆ ಒಂದೇ ಒಂದು. ನಗುವೂ ಹನ್ನೊಂದು, ಸಿಡುಕೂ ಹನ್ನೊಂದು, ಹಾಗಾಗಿ ಊರಿನವರಿಗೆ ಅದು ನಗುವ ಮನೆಯೂ ಅಲ್ಲ, ಸಿಡುಕಿನ ಮನೆಯೂ ಅಲ್ಲ. ಕಟ್ಟೆಯ ಮೇಲಿನ ಆ ಒಂದು ಸಿಡುಕು ಎದ್ದು ಹೋಯಿತು ಅನ್ನಿ. ಈಗ ನಗು ಹನ್ನೊಂದು, ಸಿಡುಕು ಹತ್ತು. ಒಂದು ನಗು ಹೆಚ್ಚಾಯಿತು. ಆ ಹೆಚ್ಚಾದ ನಗುವೇ ಪ್ಲಸ್. ಮನೆ ಅದೇ, ನಡುಮನೆಯವರು ಅವರೇ, ಆದರೂ ಅದು ಮೊದಲಿನ ಮನೆಯಲ್ಲ. ಅಯಾನು.

ಒಂದು ರೊಟ್ಟಿ ಸುಟ್ಟುಹೋಯಿತು. ಹೋಗಲಿ.

ಸೆಪ್ಟೆಂಬರ್ ೧೨

ಬಾಯಿ ಸುಮ್ಮನಿರಲಿಲ್ಲ. ಮಧ್ಯಾಹ್ನ ಅಂಗಳದಲ್ಲಿ ಹೆಸರುಕಾಯಿ ಬಿಡಿಸುವಾಗ ಹುಸೇನಬೀಗೆ ಎಲ್ಲ ಹೇಳಿದೆ. ಅವರು ಕಾಯಿ ಬಿಡಿಸುವುದನ್ನೇ ನಿಲ್ಲಿಸಿ ಕೇಳಿದರು. ಹೊರಗಿನ ಕಟ್ಟೆಯ ಮಾತು ಬಂದಾಗ ನಮ್ಮ ಕಟ್ಟೆಯ ಕಡೆಗೆ ನೋಡಿ, "ಅರೆ ಬೇಟಿ, ಈ ಎಲೆಕ್ಟ್ರಾನ್ ಕೌದಿ ಹೊಲೀತದೇನು?" ಅಂದರು. ಇಬ್ಬರೂ ನಕ್ಕು ನಕ್ಕು ಹೆಸರಿನ ಬುಟ್ಟಿ ಉರುಳಿಸಿದೆವು.

ತಲೆ ಎತ್ತಿದರೆ ಭಾಗಮ್ಮ ಬಾಗಿಲಲ್ಲಿ.

"ಸಿಡುಕಿನಾಕಿ ಅಂದ್ರ ನಾನೇನ್ ಬೇ?"

"ಇಲ್ರಿ ಅಕ್ಕಾ, ಸೋಡಿಯಂದು ಹೇಳಾಕತ್ತೇನಿ."

"ಕಟ್ಟಿ ಮ್ಯಾಲ ಒಬ್ಬಾಕೇ ಕೂತಾಳಂತ. ಎದ್ದು ಹೋದ್ರ ಮನಿ ನಗ್ತದಂತ. ಸೋಡಿಯಂ ಯಾವೂರಾಕಿ? ನನಗ ತಿಳೀದೇನು?"

ಒಳಗೆ ಹೋಗಿ ಕದ ಹಾಕಿಕೊಂಡಳು. ಅತ್ತೆ ಹೊಲದಿಂದ ಬಂದು ಕೇಳಿದರು: "ಏನಾತು?" ಹುಸೇನಬೀ, "ಏನಿಲ್ಲ ಗುರುಶಾಂತಮ್ಮ, ನಿಮ್ಮ ಸೊಸಿ ಪಾಠ ಓದಿದಳು" ಅಂದು ಮೆಲ್ಲಗೆ ಜಾರಿಕೊಂಡರು. ಅತ್ತೆ ಗೂಡಿನಲ್ಲಿದ್ದ ಪುಸ್ತಕವನ್ನು ಒಲೆಗೆ ಇನ್ನಷ್ಟು ಹತ್ತಿರ ಸರಿಸಿದರು.

ಸೆಪ್ಟೆಂಬರ್ ೧೩

ಭಾಗಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನನಗೊಬ್ಬಳಿಗೆ ಉಪ್ಪಿಲ್ಲದ ಬೇಳೆ ಬಡಿಸಿದಳು. ತಿಂದೆ. ಚೆನ್ನಾಗಿದೆ ಎಂದೆ. ಇನ್ನೊಂದು ಸೌಟು ಹಾಕಿದಳು.

ಸೆಪ್ಟೆಂಬರ್ ೨೦

ಇಂದು ಬಟ್ಟೆ ಒಗೆಯಲು ಇಬ್ಬರೇ ಹಳ್ಳಕ್ಕೆ ಹೋಗಿದ್ದೆವು. ವಾರದಿಂದ ಇಬ್ಬರ ನಡುವೆ ಇದ್ದ ಮಾತೆಂದರೆ ಬಕೀಟು, ಸಾಬೂನು ಅಷ್ಟೇ. ಕೌದಿ ಹಿಂಡುತ್ತ, ನನ್ನ ಕಡೆ ನೋಡದೆ ಕೇಳಿದಳು:

"ಎದ್ದು ಹೋತಲ್ಲ, ಅದು ಎಲ್ಲಿಗಿ ಹೋತು?"

"ಯಾವುದ್ರಿ?"

"ಅದೇ ನಿನ್ನ ಸಿಡುಕಿಂದು."

ಕೌದಿಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಹಿಂಡುತ್ತಲೇ ಹೇಳಿದೆ. ಅತ್ತ ಇನ್ನೊಂದು ಮನೆ, ಕ್ಲೋರಿನ್ನಿನ ಮನೆ. ಹದಿನೇಳು ನಗು, ಹದಿನೇಳು ಸಿಡುಕು. ಅವರ ಹೊರಗಿನ ಕಟ್ಟೆಯ ಮೇಲೆ ಎಂಟು ಜನಕ್ಕೆ ಜಾಗ. ಕೂತವರು ಏಳು. ಒಂದು ಜಾಗ ಖಾಲಿ. ಆ ಖಾಲಿ ಜಾಗ ಇರುವ ತನಕ ಆ ಮನೆಗೆ ಸಮಾಧಾನವಿಲ್ಲ. ಅದೊಂದು ಹಸಿರು-ಹಳದಿ ಗಾಳಿ, ಹತ್ತಿರ ಹೋದವರ ಕಣ್ಣಲ್ಲಿ ನೀರು ಬರುತ್ತದೆ, ಉಸಿರು ಕಟ್ಟುತ್ತದೆ. ಇತ್ತ ಸೋಡಿಯಂ ಮನೆಯೂ ಮೊದಲು ಕಡಿಮೆಯದೇನಲ್ಲ. ಅದನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿ ಇಡುತ್ತಾರೆ, ನೀರು ಸೋಕಿದರೆ ಧಗ್ ಅನ್ನುತ್ತದೆ. ಇಲ್ಲಿಯ ಒಂಟಿ ಸಿಡುಕು ಅಲ್ಲಿಯ ಖಾಲಿ ಜಾಗಕ್ಕೆ ಹೋಗಿ ಕೂತರೆ ಎರಡೂ ಮನೆ ತಣ್ಣಗಾಗುತ್ತವೆ. ಇಲ್ಲಿ ಒಂದು ನಗು ಹೆಚ್ಚು, ಪ್ಲಸ್. ಅಲ್ಲಿ ಒಂದು ಸಿಡುಕು ಹೆಚ್ಚು, ಮೈನಸ್. ಆಮೇಲೆ ಎರಡೂ ಮನೆಗಳು ಒಂದನ್ನೊಂದು ಬಿಟ್ಟಿರುವುದಿಲ್ಲ. ಎಳೆದುಕೊಂಡು ಬಂದು ಗೋಡೆಗೆ ಗೋಡೆ ಹಚ್ಚಿ ನಿಲ್ಲುತ್ತವೆ.

"ನಿಂತ್ರ ಏನಾಗ್ತದ?"

"ಉಪ್ಪಾಗ್ತದ್ರಿ ಅಕ್ಕಾ. ನಾವು ತಿನ್ನೂ ಉಪ್ಪು."

ಭಾಗಮ್ಮ ಹಿಂಡುವುದನ್ನು ನಿಲ್ಲಿಸಿದಳು. "ಉಪ್ಪೇನು?"

"ಹೌದ್ರಿ, ಉಪ್ಪು."

ಕೌದಿಯನ್ನು ಕಲ್ಲಿನ ಮೇಲೆ ಹಾಕಿದಳು. ಆಮೇಲೆ ಅಂದಳು, "ಅಂದ್ರ ಆ ಮನಿಗಿ ಆ ಸಿಡುಕೇ ಬೇಕಾಗಿತ್ತು."

"ಅದಕ್ಕಂತೇ ಜಾಗ ಇಟ್ಟಿದ್ದು."

ಮನೆಗೆ ಬರುವಾಗ ಒದ್ದೆ ಕೌದಿಯ ಗಂಟನ್ನು ಅವಳೇ ಹೊತ್ತಳು.

ಸೆಪ್ಟೆಂಬರ್ ೨೪

ಈಗ ನನಗೆ ಒಬ್ಬಳು ಮಾಸ್ತರಿಣಿ, ಭಾಗಮ್ಮ. ಬೆಳಗಿನ ರೊಟ್ಟಿಯೆಲ್ಲ ತಾನೇ ಬಡಿಯುತ್ತಾಳೆ, ನಾನು ಎದುರು ಕೂತು ಓದಬೇಕು. ಓದು ಗೊತ್ತಿಲ್ಲದ್ದರಿಂದ ತಪ್ಪು ಹಿಡಿಯಲು ಅವಳಿಗೆ ಬೇರೆ ದಾರಿ: ನನ್ನ ದನಿ ಸಣ್ಣದಾದ ಕಡೆ ನಿಲ್ಲಿಸುತ್ತಾಳೆ. "ಅಲ್ಲಿ ನಿನಗ ಬರೂದಿಲ್ಲ. ಮತ್ತ ಹೇಳು." ಯಾವಾಗಲೂ ಸರಿಯಾಗಿ ನನಗೆ ಬಾರದ ಕಡೆಗೇ ನಿಲ್ಲಿಸುತ್ತಾಳೆ, ಹಾಳಾದವಳು.

ಮೆಗ್ನೀಷಿಯಂ ಬಂತು. ಅದರ ಹೊರಗಿನ ಕಟ್ಟೆಯ ಮೇಲೆ ಇಬ್ಬರು, ಇಬ್ಬರೂ ಎದ್ದು ಹೋಗುತ್ತಾರೆ, ಎರಡು ಪ್ಲಸ್. "ಇಬ್ಬರು ಹೆಣ್ಮಕ್ಕಳ ಮನಿ" ಅಂದಳು. ಆಮೇಲೆ ಆಮ್ಲಜನಕ, ಎರಡು ಜಾಗ ಖಾಲಿ. "ಇಬ್ಬರು ಗಂಡ್ಮಕ್ಕಳು. ಒಂದೇ ಹಂದರದಾಗ ಎರಡೂ ಮದಿವಿ ಮುಗಸ್ರಿ." ನಿಯಾನ್ ಬಂದಾಗ ಕಟ್ಟೆ ಪೂರಾ ತುಂಬಿದೆ, ಕೊಡುವುದೂ ಇಲ್ಲ, ತಗೊಳ್ಳುವುದೂ ಇಲ್ಲ, ಯಾರ ಜೊತೆಗೂ ಸೇರುವುದಿಲ್ಲ ಎಂದೆ. ಅತ್ತೆ ಒಳಗಿನಿಂದ ಕೂಗಿ ಹೇಳಿದರು: "ನಮ್ಮೂರ ಚಂದ್ರಾಮಪ್ಪ ಗೌಡ್ರ ಮನಿ."

ಅತ್ತೆ ಕೇಳುತ್ತಿದ್ದರು ಎಂದು ನಮಗೆ ಗೊತ್ತೇ ಇರಲಿಲ್ಲ.

ಸೆಪ್ಟೆಂಬರ್ ೨೭

ಇವರು ಜೇವರ್ಗಿಗೆ ಎತ್ತು ನೋಡಲು ಹೋಗಿದ್ದವರು ಸಂಜೆ ಬಂದರು. ಸಂತೆಯಲ್ಲಿ ಅಂಬಾರಾಯ ಸಿಕ್ಕಿದ್ದನಂತೆ.

"ಸೊರಗ್ಯಾನ," ಅಂದರು ಇವರು. "ಮನ್ಯಾಗ ತಾಯಿ ಮಗ ಇಬ್ಬರೇ. ಆ ಮುದುಕಿ ಅಡಿಗಿಗಿ ಖಾರ ಎಷ್ಟು ಹಾಕ್ತಾಳಂದ್ರ, ಉಣ್ಣಾಕ ಕೂತ್ರ ಇಬ್ಬರ ಕಣ್ಣಾಗೂ ನೀರಂತ. ಅಕ್ಕ ಹ್ಯಾಂಗದಾಳಂತ ಎರಡು ಸಲ ಕೇಳಿದ. ಬಂದು ಕರಕೊಂಡು ಹೋಗ್ರಿ ಮಾವಾ ಅಂದೆ. ನಾ ಏನು ಕಳಿಸೀನೇನು, ತಾನೇ ಹೋಗ್ಯಾಳ, ತಾನೇ ಬರ್ಲಿ ಅಂದ."

"ಕರೀದೇ ನನ್ನ ಮಗಳನ್ನ ಕಳಸೂದಿಲ್ಲ," ಅಂದರು ಅತ್ತೆ. "ನಮ್ಮ ಮನ್ಯಾಗ ಯಾರೂ ಹಂಗ ಹೋಗಿಲ್ಲ."

ಭಾಗಮ್ಮ ಮೂಲೆಯಲ್ಲಿ ಕೌದಿ ಹೊಲಿಯುತ್ತಿದ್ದಳು. ಏನೂ ಕೇಳಿಸಲಿಲ್ಲ ಅನ್ನುವ ಹಾಗೆ ಕೂತಿದ್ದಳು, ಸೂಜಿ ಮಾತ್ರ ನಿಂತಿತ್ತು. ನನಗೆ ಕ್ಲೋರಿನ್ನಿನ ಕಣ್ಣೀರು ನೆನಪಾಗಿ ನಗು ತಡೆಯಲಾಗದೆ ಹಿತ್ತಿಲಿಗೆ ಓಡಿದೆ. ಹಿಂದಿನಿಂದ ಭಾಗಮ್ಮನೂ ಬಂದಳು. "ಹಳದಿ ಗಾಳಿ," ಅಂದಳು. ಇಬ್ಬರೂ ಹುಲ್ಲಿನ ಬಣವೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸ್ವಲ್ಪ ಹೆಚ್ಚೇ ಹೊತ್ತು ಒರೆಸಿಕೊಂಡಳು.

ಅಕ್ಟೋಬರ್ ೩

ನಾಳೆ. ಭಾಗಮ್ಮ ಅಕ್ಕ ನನ್ನ ಸೀರೆಯ ತುದಿಗೆ ಉಪ್ಪಿನ ಹರಳೊಂದನ್ನು ಗಂಟು ಹಾಕಿದಳು. "ಮರತ್ರ ಮುಟ್ಟಿ ನೋಡ್ಕೊ. ಯಾರು ಹೋದ್ರು, ಯಾವ ಮನಿ ನಕ್ಕಿತು."

ಅಕ್ಟೋಬರ್ ೪

ಬಂತು, ಅದೇ ಬಂತು. ಪ್ರಶ್ನೆಪತ್ರಿಕೆ ತಿರುಗಿಸುತ್ತೇನೆ, ಎರಡನೆಯ ಪುಟದಲ್ಲಿ: ಸೋಡಿಯಂ ಅಯಾನು ಮತ್ತು ಕ್ಲೋರೈಡ್ ಅಯಾನು ಹೇಗೆ ಉಂಟಾಗುತ್ತವೆ, ವಿವರಿಸಿ. ನನ್ನ ಬಾಯಿಂದ "ಅಯ್ಯೋ ನಮ್ಮವ್ವ" ಎಂದು ಬಂದುಬಿಟ್ಟಿತು. ಮೇಲ್ವಿಚಾರಣೆಯ ಟೀಚರಬಾಯಿಯವರು ಹತ್ತಿರ ಬಂದು ಏನಾಯಿತಮ್ಮ ಎಂದರು. ಏನಿಲ್ಲರಿ, ಪರಿಚಯದವರು ಸಿಕ್ಕರು ಎಂದೆ.

ಬರೆಯುವಾಗ ನಗು, ಸಿಡುಕು, ಕಟ್ಟೆ ಎಲ್ಲ ತೆಗೆದು ಪ್ರೋಟಾನು, ಎಲೆಕ್ಟ್ರಾನು, ಕವಚ ಎಂದೇ ಬರೆದೆ. ಒಂದು ಕಡೆ ಮಾತ್ರ ಪೆನ್ನು 'ಕಟ್ಟೆ' ಎಂದಿತು, ಹೊಡೆದುಹಾಕಿದೆ. ಹನ್ನೊಂದು ಪ್ಲಸ್, ಹತ್ತು ಮೈನಸ್, ಆದ್ದರಿಂದ ಧನ ಅಯಾನು. ಸೆರಗಿನ ಗಂಟು ಮುಟ್ಟಬೇಕಾಗಲಿಲ್ಲ. ಮುಟ್ಟಿದೆ ಅನ್ನುವುದು ಬೇರೆ.

ಸಂಜೆ ಬಸ್ಸಿಳಿದು ಬಂದರೆ ಒಲೆಯ ಮುಂದೆ ಸಭೆ: ಅತ್ತೆ, ಅಕ್ಕ, ಹುಸೇನಬೀ. "ಏನು ಬಂದಿತ್ತು, ಏನು ಬರದಿ, ಎಲ್ಲಾ ಮೊದಲಿಂದ ಹೇಳು," ಅಂದರು ಅತ್ತೆ. ಹೇಳಿದೆ. ಎಲ್ಲರಿಗೂ ಗೊತ್ತಿದ್ದ ಕಥೆಯೇ, ಆದರೂ ಅತ್ತೆ ಪೂರ್ತಿಯಾಗಿ ಕೂತು ಕೇಳಿದ್ದು ಇದೇ ಮೊದಲು. ಸಿಡುಕು ಕಟ್ಟೆಯಿಂದ ಇಳಿಯುವ ತನಕ ಸುಮ್ಮನಿದ್ದವರು ಅಲ್ಲಿ ಕೈ ಅಡ್ಡ ಹಿಡಿದರು.

"ನಿಂದ್ರು. ಕರಿಯಾಕ ಯಾರು ಬಂದಿದ್ರು?"

"ಯಾರೂ ಬಂದಿಲ್ರಿ ಅತ್ತಿ."

"ಯಾರೂ ಬರದೇ ಹ್ಯಾಂಗ ಹೋತು? ಮರ್ಯಾದಿ ಇಲ್ಲೇನು ಆ ಮನಿಗಿ?"

"ಅದು ಹೊರಗಿನ ಕಟ್ಟಿ ಮ್ಯಾಲಿಂದು, ನಡುಮನಿ ಹಿಡಿತ ಸಡಿಲ್ರಿ. ಅಲ್ಲಿ ಜಾಗ ಖಾಲಿ ಅದ. ತಾನೇ ಹೋಗ್ತದ."

"ಬುತ್ತಿನಾದ್ರೂ ಕಟ್ಟಿದ್ರೋ ಇಲ್ಲೋ?"

"ಪುಸ್ತಕದಾಗ ಬುತ್ತಿದು ಬರದಿಲ್ರಿ."

"ಅದಕ್ಕೇ ಅದು ಪುಸ್ತಕ," ಅಂದರು ಅತ್ತೆ.

ಹುಸೇನಬೀ ಗದ್ದಕ್ಕೆ ಕೈಯಿಟ್ಟು ಯೋಚಿಸಿದರು. "ಸುಭದ್ರಾ, ಈ ಎಲೆಕ್ಟ್ರಾನ್ ಗಂಡೋ ಹೆಣ್ಣೋ?"

"ಎರಡೂ ಅಲ್ರಿ."

"ಹಂಗಾದ್ರ ಗುರುಶಾಂತಮ್ಮ, ಅದಕ್ಕ ಪಂಚಮಿ ರಿವಾಜು ಹತ್ತೂದಿಲ್ಲ. ಕರೀದೇ ಹೋದ್ರೂ ನಡೀತದ."

ಅತ್ತೆ ಒಪ್ಪಲಿಲ್ಲ. ಹೋದರೆ ಆ ಮನೆಯವರು ಹಗುರ ಮಾಡುವುದಿಲ್ಲವೇ ಎಂದು ಕೇಳಿದರು. ಇಲ್ಲ, ಆ ಮನೆಯ ಹೆಸರೇ ಬದಲಾಗುತ್ತದೆ ಎಂದೆ. ಬರುವ ಮೊದಲು ಕ್ಲೋರಿನ್, ಬಂದ ಮೇಲೆ ಕ್ಲೋರೈಡ್.

"ಒಂದು ಸಿಡುಕಿಗಿ ಮನಿ ಹೆಸರೇ ಬದ್ಲಿ ಮಾಡ್ತಾರ?" ಇದನ್ನು ಕೇಳಿದ್ದು ಅಕ್ಕ.

"ಹೌದ್ರಿ."

ಆಮೇಲೆ ಒಂದು ತಾಟಿನಲ್ಲಿ ನೀರು ಹಾಕಿ ಉಪ್ಪು ಕರಗಿಸಿ ತೋರಿಸಿದೆ. ಉಪ್ಪು ಕಾಣುವುದಿಲ್ಲ, ಎರಡೂ ಮನೆಯವರು ಬೇರೆ ಬೇರೆಯಾಗಿ ನೀರಿನಲ್ಲಿ ತಿರುಗುತ್ತಿದ್ದಾರೆ, ನೀರು ಆರಿದರೆ ಮತ್ತೆ ಕೂಡುತ್ತಾರೆ ಎಂದೆ. "ನೋಡೂಣು," ಎಂದು ಅತ್ತೆ ತಾಟನ್ನು ಬಿಸಿ ಇರುವ ಒಲೆಗುಂಡಿನ ಮೇಲೆ ಇಟ್ಟರು. ಪಾಸಾಗುತ್ತೀಯಾ ಎಂದು ಮಾತ್ರ ಯಾರೂ ಕೇಳಲಿಲ್ಲ. ಮಲಗಿದರೂ ನಗು ಬರುತ್ತಿದೆ.

ಅಕ್ಟೋಬರ್ ೫

ಎದ್ದಾಗ ನಮ್ಮ ಮನೆಯಲ್ಲಿ ಬೆಲ್ಲದ ವಾಸನೆ. ಅತ್ತೆ ನನಗಿಂತ ಮೊದಲೇ ಎದ್ದು ಶೇಂಗಾ ಹೋಳಿಗೆ ಬೇಯಿಸುತ್ತಿದ್ದರು. "ಯಾರಿಗ್ರಿ ಅತ್ತಿ?" ಎಂದೆ. "ಯಾರಿಗೂ ಇಲ್ಲ. ಶೇಂಗಾ ಕೆಡಾಕತ್ತಿದ್ವು," ಅಂದರು. ಪಕ್ಕದಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಅಡ್ಡಣಿಗೆಯಷ್ಟು ಎತ್ತರ. ಅವೂ ಕೆಡುತ್ತಿದ್ದವೋ ಏನೋ.

ಅಕ್ಕ ಟ್ರಂಕಿನ ಮೇಲೆ ಕೂತು ಅದರ ಕೊಂಡಿ ಹಾಕಲು ಹೆಣಗುತ್ತಿದ್ದಳು. ಹುಸೇನಬೀ ಒಂದು ಬರಣಿ ಮಾವಿನ ಉಪ್ಪಿನಕಾಯಿ ತಂದು, "ಯಾರಾದ್ರೂ ಅಂದೋಲಾದ ಕಡಿ ಹೊಂಟಿದ್ರ ಒಯ್ಯಲಿ ಅಂತ ತಂದೇನಿ," ಅಂದರು. ಅತ್ತೆ ಬುತ್ತಿಯ ಗಂಟನ್ನು ಮಗಳ ಕೈಗೆ ಕೊಡುವಾಗ ಅಂದದ್ದು ಇಷ್ಟೇ: "ನಿನ್ನ ಸಿಟ್ಟು ಇಲ್ಲೇ ಬಿಟ್ಟು ಹೋಗಬ್ಯಾಡ. ಆ ಮನಿಗಿ ಅದೇ ಬೇಕಂತ."

ಬಸ್ಸಿನ ಕಿಟಕಿಯಿಂದ ಅಕ್ಕ ತಲೆ ಹೊರಗೆ ಹಾಕಿ ಕೂಗಿದಳು: "ಸುಭದ್ರಾ, ರೊಟ್ಟಿ ದಂಡಿ ಹರೀಬ್ಯಾಡಬೇ." ಬಸ್ಸು ಅಫಜಲಪುರದ ದಾರಿಯಲ್ಲಿ ಕಬ್ಬಿನ ಹಿಂದೆ ಮರೆಯಾಗುವ ತನಕ ಕೈ ಬೀಸಿದೆ. ಬರುವಾಗ ಕಣ್ಣು ಉರಿಯುತ್ತಿತ್ತು. ಬಸ್ಸಿನ ಹೊಗೆ.

ಮನೆಗೆ ಬಂದರೆ ಅತ್ತೆ ಕಟ್ಟೆಯ ಮೇಲೆ, ಅಕ್ಕ ಕೂರುತ್ತಿದ್ದ ಜಾಗದಲ್ಲಿ ಕೂತಿದ್ದರು.

"ಈಗ ನಮ್ಮ ಮನಿ ಪ್ಲಸ್ ಏನು?"

"ಹೌದ್ರಿ ಅತ್ತಿ."

"ಮತ್ತ ನಗು ಯಾಕ ಬರವಲ್ದು?"

ಇದು ಪುಸ್ತಕದಲ್ಲಿ ಇರಲಿಲ್ಲ. ನಾನೂ ಪಕ್ಕದಲ್ಲಿ ಕೂತೆ. ಹುಸೇನಬೀ ಒಳಗೆ ಹೋಗಿ ಒಲೆಗುಂಡಿನ ಮೇಲಿದ್ದ ತಾಟನ್ನು ತಂದರು. ನೀರೆಲ್ಲ ಆರಿತ್ತು. ತಾಟಿನ ಅಂಚಿಗೆ ಬೆಳ್ಳಗೆ, ಸಣ್ಣ ಸಣ್ಣ ಚೌಕದ ಹರಳುಗಳು, ಒಂದಕ್ಕೊಂದು ಹತ್ತಿಕೊಂಡು. ಅತ್ತೆ ಒಂದನ್ನು ಬೆರಳಿಗೆ ಹತ್ತಿಸಿಕೊಂಡು ನಾಲಿಗೆಗೆ ಇಟ್ಟರು.

"ಉಪ್ಪೇ ಅದ," ಅಂದರು, ಬೇರೇನೋ ಆಗಬಹುದಿತ್ತು ಅನ್ನುವ ಹಾಗೆ.

ಹುಸೇನಬೀಯೂ ನೆಕ್ಕಿದರು, ನಾನೂ ನೆಕ್ಕಿದೆ. ಕಟ್ಟೆಯ ಮೇಲೆ ಸಾಲಾಗಿ ಕೂತು ಬೆಳಬೆಳಿಗ್ಗೆ ಉಪ್ಪು ನೆಕ್ಕುವ ಮೂರು ಹೆಂಗಸರನ್ನು ನೋಡಿ, ಎತ್ತು ಹಿಡಿದುಕೊಂಡು ಹೊರಟ ಇವರು ಹೊಸ್ತಿಲಿಗೆ ಎಡವಿದರು. ಅತ್ತೆಯೇ ಮೊದಲು ನಕ್ಕರು.

ಆಮೇಲೆ ಅತ್ತೆ ಎದ್ದು ಒಳಗೆ ಹೋದರು. ಒಲೆಗೆ ಕುಳ್ಳು ಬೇಕಾಗಿತ್ತು. ಗೂಡಿನಿಂದ ಪುಸ್ತಕ ತೆಗೆದರು, ಅದರ ಕೆಳಗಿನ ಕುಳ್ಳು ತೆಗೆದು ಒಲೆಗೆ ಹಾಕಿದರು. ಪುಸ್ತಕಕ್ಕೆ ಹತ್ತಿದ್ದ ಬೂದಿಯನ್ನು ಸೆರಗಿನಿಂದ ಒರೆಸಿ, ಒಲೆಯಿಂದ ದೂರ, ಉಪ್ಪಿನ ಗಡಿಗೆಯ ಪಕ್ಕದಲ್ಲಿ ಇಟ್ಟರು.